ಮುದಿ ನಾಯಿಯನ್ನು ಮನೆಗೆ ತರುವ ಮುಂಚೆ, ತಂದ ಮೇಲೆ

ಅಜ್ಜಿ ನಮ್ಮ ಮನೆಗೆ ಬಂದ ಮೊದಲ ರಾತ್ರಿ ಮಲಗಲೇ ಇಲ್ಲ. ಹಾಲ್ ಮಧ್ಯೆ ನಿಂತೇ ತೂಕಡಿಸಿದಳು. ತಲೆ ನಿಧಾನಕ್ಕೆ ಇಳಿಯುತ್ತಾ ಬರುತ್ತಿತ್ತು, ಮೂತಿ ನೆಲಕ್ಕೆ ತಾಗುವಷ್ಟರಲ್ಲಿ ಬೆಚ್ಚಿ ಮತ್ತೆ ಎತ್ತುತ್ತಿದ್ದಳು. ಹೊಸ ಜಾಗ, ಜೊತೆಗೆ ವಯಸ್ಸು ಬೇರೆ, ಸರಿಹೋಗುತ್ತಾಳೆ ಅಂದುಕೊಂಡೆವು. ಮೂರನೇ ದಿನ ಡಾಕ್ಟರ್ ಅವಳ ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಾಗಲೇ ವಿಷಯ ಗೊತ್ತಾಗಿದ್ದು. ಒಮ್ಮೆ ಮಲಗಿದರೆ ಮತ್ತೆ ಏಳುವುದು ಎಷ್ಟು ಕಷ್ಟ ಅಂತ ಅವಳಿಗೆ ಗೊತ್ತಿತ್ತು, ಅದಕ್ಕೇ ನಿಂತಿದ್ದಳು. ನೋವಿನ ಔಷಧಿ ಶುರುವಾಗಿ ಒಂದು ವಾರಕ್ಕೆ ಅಂಗಾತ ಬಿದ್ದುಕೊಂಡು, ನಾಲ್ಕೂ ಕಾಲು ಮೇಲೆ ಮಾಡಿ, ಮನೆಯೆಲ್ಲ ಕೇಳುವ ಹಾಗೆ ಗೊರಕೆ ಹೊಡೆದಳು.

ಅಜ್ಜಿ ಅಂದರೆ ನಾಯಿ. ಶೆಲ್ಟರ್‌ನವರು ಕೊಟ್ಟ ಕಾಗದದಲ್ಲಿ ಏನೋ ಸ್ಟೈಲಾದ ಹೆಸರಿತ್ತು, ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. (ಬಸ್ಸಿನಲ್ಲಿ ಕೂತು ಫೋನಿನಲ್ಲಿ ‘ಅಜ್ಜಿ ಮತ್ತೆ ಸೋಫಾ ಮೇಲೆ ಉಚ್ಚೆ ಹೊಯ್ದಳಾ?’ ಅಂತ ಕೇಳಿದಾಗ ಜನ ನನ್ನ ಮುಖ ನೋಡಿದ್ದುಂಟು.) ಅವಳಾದ ಮೇಲೆ ಇನ್ನೆರಡು ಮುದಿ ನಾಯಿಗಳು ನಮ್ಮ ಮನೆಗೆ ಬಂದು ಹೋಗಿವೆ. ಈ ಮೂವರ ಜೊತೆ ಇದ್ದು ನನಗೆ ಒಂದು ಮಾತಿನ ಮೇಲೆ ಸಿಟ್ಟು ಬಂದುಬಿಟ್ಟಿದೆ: ‘ವಯಸ್ಸಾಯ್ತಲ್ವಾ, ಹಾಗೇನೇ.’ ಎಷ್ಟೋ ಸಲ ಆ ಮಾತಿನ ಹಿಂದೆ ಔಷಧಿ ಇರುವ ನೋವೇ ಅಡಗಿರುತ್ತದೆ.

ಹೂಂ ಅನ್ನುವ ಮುಂಚೆ

ಯಾವ ವಯಸ್ಸಿಗೆ ಮುದಿ ಅನ್ನಬೇಕು? ಚಿಕ್ಕ ಗಾತ್ರದ ನಾಯಿಗೆ 10-11 ವರ್ಷ, ದೊಡ್ಡ ತಳಿಗೆ 7ರ ಹೊತ್ತಿಗೇ. ಆದರೆ ಕಾಗದದಲ್ಲಿ ಬರೆದ ವಯಸ್ಸನ್ನು ಜಾಸ್ತಿ ನಂಬಬೇಡಿ. ಮರಿಗಳ ವಯಸ್ಸನ್ನು ಹಲ್ಲು ನೋಡಿ ಸರಿಯಾಗಿ ಹೇಳಬಹುದು. 6-7 ತಿಂಗಳಿಗೆ ಎಲ್ಲ ಹಲ್ಲೂ ಬಂದ ಮೇಲೆ ಉಳಿಯುವುದು ಸವೆತ ಮತ್ತು ಕೊಳೆ ನೋಡಿ ಮಾಡುವ ಅಂದಾಜು ಅಷ್ಟೇ. ಕಲ್ಲು ಕಡಿಯುವ ಚಟ ಇದ್ದ ನಾಯಿ ಐದಕ್ಕೇ ಹತ್ತರ ಹಾಗೆ ಕಾಣುತ್ತದೆ.

ಎರಡು ಸಲವಾದರೂ ಹೋಗಿ ನೋಡಿ. ಮಲಗಿರುವ ನಾಯಿ ಹೇಗೆ ಏಳುತ್ತದೆ ಅನ್ನೋದನ್ನು ಗಮನಿಸಿ: ಮುಂಗಾಲು ಊರಿ ಹಿಂಭಾಗವನ್ನು ಎಳೆದುಕೊಳ್ಳುತ್ತದಾ, ಮೊದಲ ಹತ್ತು ಹೆಜ್ಜೆ ಬಿಗಿಯಾಗಿದ್ದು ಆಮೇಲೆ ಸಡಿಲ ಆಗುತ್ತದಾ. ಹೊರಗೆ ಸ್ವಲ್ಪ ನಡೆಸಿಕೊಂಡು ಬರುತ್ತೇನೆ ಅಂತ ಕೇಳಿ. ಅದು ಅಲ್ಲಿಗೆ ಹೇಗೆ ಬಂತು, ಎಷ್ಟು ದಿನ ಆಯಿತು, ಈಗ ಏನು ತಿನ್ನುತ್ತದೆ, ಯಾವ ಔಷಧಿ ನಡೆಯುತ್ತಿದೆ, ಹೆಣ್ಣಾದರೆ ಸಂತಾನಹರಣ ಆಗಿದೆಯಾ, ಬೆಕ್ಕು ಮಕ್ಕಳ ಜೊತೆ ಹೇಗೆ, ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ, ಇಷ್ಟನ್ನೂ ಬರೆದುಕೊಳ್ಳಿ. ರಕ್ತಪರೀಕ್ಷೆ ಮಾಡಿಸಿದ್ದರೆ ಅದರ ಪ್ರತಿ ಕೇಳಿ.

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇನ್ನೂ ಕಷ್ಟದವು. 30 ಕೆಜಿ ನಾಯಿ ಒಂದು ದಿನ ಏಳದೇ ಹೋದರೆ ಎತ್ತಲು ಮನೆಯಲ್ಲಿ ಯಾರಿದ್ದಾರೆ? ಮೆಟ್ಟಿಲು ಎಷ್ಟಿವೆ? ರಾತ್ರಿ ಎರಡು ಗಂಟೆಗೆ ಎದ್ದು ಹೊರಗೆ ಕರೆದುಕೊಂಡು ಹೋಗುವವರು ಯಾರು? ಮರಿಗಿಂತ ಮುದಿ ನಾಯಿಗೆ ಡಾಕ್ಟರ್ ಖರ್ಚು ಜಾಸ್ತಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಖರ್ಚೇ ಅಡ್ಡಿ ಅನ್ನಿಸಿದರೆ, ದತ್ತು ಬದಲು ಕೊನೆಯವರೆಗೆ ನಿಮ್ಮ ಮನೆಯಲ್ಲಿಟ್ಟುಕೊಂಡು ಚಿಕಿತ್ಸೆಯ ಖರ್ಚನ್ನು ಶೆಲ್ಟರ್ ನೋಡಿಕೊಳ್ಳುವ ಏರ್ಪಾಡು ಇದೆಯಾ ಅಂತ ಕೇಳಿ, ಎಷ್ಟೋ ಕಡೆ ಇರುತ್ತದೆ. ಮನೆಯಲ್ಲಿ ಆಗಲೇ ಒಂದು ವರ್ಷದ ಪುಂಡ ನಾಯಿ ಇದ್ದರೆ ಎರಡು ಸಲ ಯೋಚಿಸಿ. ಅದಕ್ಕೆ ಆಟ, ಇದಕ್ಕೆ ನೋಯುವ ಸೊಂಟದ ಮೇಲೆ ಬೀಳುವ ಏಟು.

ನೆಲದಿಂದ ಶುರು ಮಾಡಿ

ಮೊದಲು ಆಟಿಕೆ, ಬೆಲ್ಟು, ಸ್ವೆಟರ್ ತರಲು ಓಡಬೇಡಿ. ನೆಲ ನೋಡಿ. ನುಣುಪು ಟೈಲ್ಸ್ ಮುದಿ ನಾಯಿಗೆ ಐಸ್ ಮೇಲೆ ನಡೆದ ಹಾಗೆ. ಒಂದು ಸಲ ಹಿಂಗಾಲು ಜಾರಿ ಎರಡೂ ಕಡೆ ಹರಡಿಕೊಂಡು ಬಿದ್ದರೆ, ಆಮೇಲೆ ಆ ಕೋಣೆಗೇ ಬರುವುದಿಲ್ಲ, ನಾವು ಹಟಮಾರಿ ಅಂದುಕೊಳ್ಳುತ್ತೇವೆ. ಹಾಸಿಗೆಯಿಂದ ನೀರಿನವರೆಗೆ, ನೀರಿನಿಂದ ಬಾಗಿಲವರೆಗೆ ರಬ್ಬರ್ ತಳದ ಮ್ಯಾಟ್‌ಗಳನ್ನು ದಾರಿಯ ಹಾಗೆ ಹಾಸಿ. ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಕಿದರೂ ನಡೆಯುತ್ತದೆ. ನಮ್ಮ ಮನೆ ವರ್ಷಗಟ್ಟಲೆ ನೀಲಿ ಪಟ್ಟಿಗಳ ವಿಮಾನ ನಿಲ್ದಾಣದ ಹಾಗೆ ಕಾಣುತ್ತಿತ್ತು. ಪಾದದ ಬೆರಳುಗಳ ನಡುವಿನ ಕೂದಲು ಉದ್ದವಾಗಿದ್ದರೆ ಕತ್ತರಿಸಿ, ಅದೂ ಜಾರಿಸುತ್ತದೆ.

ಹಾಸಿಗೆ ದಪ್ಪ ಫೋಮಿನದಾಗಿರಲಿ. ಅಂಗೈ ಊರಿ ಒತ್ತಿದರೆ ಕೈಗೆ ನೆಲ ಸಿಗಬಾರದು, ಇದೇ ಪರೀಕ್ಷೆ. ಜನ ಓಡಾಡುವ ಜಾಗದಲ್ಲಿ ಹಾಸಬೇಡಿ, ಹಾಗಂತ ಯಾರೂ ಇಲ್ಲದ ಕೋಣೆಯಲ್ಲೂ ಬೇಡ. ಕಣ್ಣು ಮಂದವಾಗಿದ್ದರೆ ರಾತ್ರಿ ಒಂದು ಚಿಕ್ಕ ದೀಪ ಉರಿಯಲಿ, ಕುರ್ಚಿ ಮೇಜುಗಳನ್ನು ಇಟ್ಟ ಜಾಗದಲ್ಲೇ ಬಿಡಿ. ಮೆಟ್ಟಿಲಿದ್ದರೆ ಅಡ್ಡಗಟ್ಟಿ.

ಮೊದಲ ವಾರ: ಸುಮ್ನೆ ಬಿಟ್ಟುಬಿಡಿ

ಬಂದ ದಿನವೇ ಸ್ನಾನ ಮಾಡಿಸಬೇಕು ಅನ್ನಿಸುತ್ತದೆ, ವಾಸನೆ ಹಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ನೆಂಟರು, ಪಕ್ಕದ ಮನೆ ಮಕ್ಕಳು, ‘ನೋಡಿಕೊಂಡು ಹೋಗೋಣ ಅಂತ ಬಂದ್ವಿ’ ಅನ್ನುವವರು, ಎಲ್ಲರಿಗೂ ಎರಡು ವಾರ ಬಿಟ್ಟು ಬನ್ನಿ ಅಂತ ಹೇಳಿ. ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಬದಲಾಯಿಸಬೇಕಿದ್ದರೆ 7ರಿಂದ 10 ದಿನದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಇಲ್ಲದಿದ್ದರೆ ಭೇದಿ ಶುರುವಾಗಿ, ಕಾಯಿಲೆಯೋ ಆಹಾರದ ಬದಲಾವಣೆಯೋ ಗೊತ್ತಾಗದೆ ನೀವೇ ಒದ್ದಾಡುತ್ತೀರಿ.

ನಿದ್ದೆಯಿಂದ ಎದ್ದ ತಕ್ಷಣ, ತಿಂದ ಮೇಲೆ, ಮತ್ತೆ ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ. ಒಳಗೆ ಮಾಡಿಕೊಂಡರೆ ಬೈಯಬೇಡಿ, ಒರೆಸಿ. ವರ್ಷಗಟ್ಟಲೆ ಗೂಡಿನಲ್ಲೇ ಮಾಡಿದ ನಾಯಿಗೆ ಹೊರಗೆ ಹೋಗಿ ಮಾಡುವುದು ಹೊಸ ಪಾಠ, ಅದು ಕಲಿಯುತ್ತದೆ ಕೂಡ.

ಕಿವಿ ಕೇಳದ ನಾಯಿಯನ್ನು ನಿದ್ದೆಯಲ್ಲಿ ಮುಟ್ಟಿ ಎಬ್ಬಿಸಬೇಡಿ. ಬೆಚ್ಚಿ ಕಚ್ಚಿದರೆ ಅದರ ತಪ್ಪಲ್ಲ. ಪಕ್ಕದ ನೆಲ ತಟ್ಟಿ, ಅದುರುವುದು ಅದಕ್ಕೆ ತಿಳಿಯುತ್ತದೆ, ಅಥವಾ ಮೂಗಿನ ಹತ್ತಿರ ಕೈ ಹಿಡಿದು ಕಾಯಿರಿ. ಮುದಿತನದಲ್ಲೂ ಮೂಗು ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದೊಂದನ್ನು ಮೊದಲ ದಿನವೇ ಕಲಿಸಿ.

ನಾಯಿ ಸಾಕಿದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ಸಮಯ ತಿಳಿಯುವುದು, ಮೂರು ತಿಂಗಳಿಗೆ ನಮ್ಮ ಮನೆ ಅನ್ನಿಸುವುದು. ಅಂದಾಜು ಲೆಕ್ಕ ಅದು. ನಮ್ಮ ಎರಡನೆಯವನು, ಕರಿಯ, ಎರಡನೇ ಗಂಟೆಗೇ ನನ್ನ ಚಪ್ಪಲಿ ಮೇಲೆ ತಲೆಯಿಟ್ಟು ಮಲಗಿದ್ದ. ಅಜ್ಜಿ ಬಾಲ ಅಲ್ಲಾಡಿಸಲು ಐದು ತಿಂಗಳು ತೆಗೆದುಕೊಂಡಳು.

ಡಾಕ್ಟರ್ ಹತ್ತಿರ ಹೋಗುವಾಗ

ಮೊದಲ ವಾರದಲ್ಲೇ ಹೋಗಿ. ಹೋಗುವ ಮುಂಚೆ ಫೋನಿನಲ್ಲಿ ಮೂರು ವಿಡಿಯೋ ಮಾಡಿಟ್ಟುಕೊಳ್ಳಿ: ಏಳುವುದು, ನಡೆಯುವುದು, ಕೆಮ್ಮಿದರೆ ಕೆಮ್ಮುವುದು. ಕ್ಲಿನಿಕ್‌ನಲ್ಲಿ ಭಯಕ್ಕೆ ನಾಯಿ ಕುಂಟುವುದನ್ನೇ ಮರೆತುಬಿಡುತ್ತದೆ.

ನಾಯಿ ನೋವಿಗೆ ಅಳುವುದು ಕಡಿಮೆ. ಬೇರೆ ಥರ ಹೇಳುತ್ತದೆ. ಮೆಟ್ಟಿಲ ಮುಂದೆ ನಿಂತು ಯೋಚಿಸುವುದು, ಒಂದೇ ಮಣಿಕಟ್ಟನ್ನು ನೆಕ್ಕುತ್ತಲೇ ಇರುವುದು, ತಂಪಾದ ರಾತ್ರಿಯಲ್ಲೂ ಏದುಸಿರು, ಬೆನ್ನು ಮುಟ್ಟಿದರೆ ಗುರ್ ಅನ್ನುವುದು, ನಿಂತಲ್ಲೇ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಾಯಿಸುವುದು. ಇವುಗಳಲ್ಲಿ ಎರಡು ಕಂಡರೂ ಡಾಕ್ಟರ್‌ಗೆ ಹೇಳಿ. ‘ವಯಸ್ಸಾಗಿದೆ, ಏನೂ ಮಾಡೋಕಾಗಲ್ಲ’ ಅಂದರೆ ಇನ್ನೊಬ್ಬರಿಗೆ ತೋರಿಸಿ. ಅಜ್ಜಿಯ ಹಳೇ ಕಾಗದಗಳಲ್ಲಿ ಯಾರೋ ಹಾಗೇ ಬರೆದಿದ್ದರು.

ನಿಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನು ಮಾತ್ರ ಯಾವತ್ತೂ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಲಿವರ್‌ಗೆ ಹಾನಿ ಮಾಡುತ್ತದೆ. ನಾಯಿಗೆ ಡಾಕ್ಟರ್ ಬರೆದುಕೊಡುವ ಕಾರ್‌ಪ್ರೊಫೇನ್, ಮೆಲಾಕ್ಸಿಕ್ಯಾಮ್ ಥರದವು ಕೂಡ ರಕ್ತ ಪರೀಕ್ಷಿಸಿ ಕೊಡುವಂಥವು, ಸ್ಟೆರಾಯ್ಡ್ ಜೊತೆ ಸೇರಿಸುವಂತಿಲ್ಲ. ಇವನ್ನು ಕೊಡುತ್ತಿರುವಾಗ ವಾಂತಿ ಬಂದರೆ, ಊಟ ಬಿಟ್ಟರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಿ.

ರಕ್ತದ ಜೊತೆ ಮೂತ್ರದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಕಿಡ್ನಿಯ ಶಕ್ತಿ ಮುಕ್ಕಾಲು ಭಾಗ ಹೋದ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಏರುವುದು, ಮೂತ್ರ ತೆಳುವಾಗುವುದು ಅದಕ್ಕಿಂತ ಮುಂಚೆಯೇ ಕಾಣುತ್ತದೆ. ಮನೆಯಲ್ಲಿ ನೀವು ಮಾಡಬಹುದಾದದ್ದು ನೀರು ಅಳೆಯುವುದು. ಬೆಳಿಗ್ಗೆ ಅಳೆದು ಹಾಕಿ, ಮಾರನೇ ಬೆಳಿಗ್ಗೆ ಉಳಿದದ್ದನ್ನು ಅಳೆಯಿರಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 50-60 ಮಿ.ಲೀ. ಸಾಮಾನ್ಯ. 100 ಮಿ.ಲೀ. ದಾಟಿದರೆ, ಅಂದರೆ 10 ಕೆಜಿ ನಾಯಿ ಲೀಟರ್‌ಗಿಂತ ಜಾಸ್ತಿ ಕುಡಿದರೆ, ಕಿಡ್ನಿ, ಸಕ್ಕರೆ ಕಾಯಿಲೆ, ಹಾರ್ಮೋನು, ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಸಂತಾನಹರಣ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಕೆಲವು ವಾರಕ್ಕೆ ಹೀಗೆ ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದಕ್ಕೆ ನಾಳೆ ನೋಡೋಣ ಅನ್ನುವಂತಿಲ್ಲ.

ಬಾಯಿ ವಾಸನೆ ‘ನಾಯಿ ವಾಸನೆ’ ಅಂತ ಬಿಡಬೇಡಿ. ಕರಿಯನ ಬಾಯಿ ತೆರೆಸಿದರೆ ಕೊಳೆತ ಬೇರಿನ ಮೇಲೆ ಕಂದು ಕಲ್ಲು ಕಟ್ಟಿತ್ತು, ಹಾಗಿದ್ದೂ ಅವನು ದಿನಾ ತಟ್ಟೆ ಖಾಲಿ ಮಾಡುತ್ತಿದ್ದ. ತಿನ್ನುತ್ತದೆ ಅಂದ ಮಾತ್ರಕ್ಕೆ ಹಲ್ಲು ನೋಯುತ್ತಿಲ್ಲ ಅಂತಲ್ಲ. ಹನ್ನೊಂದು ಹಲ್ಲು ಕೀಳಿಸಿದೆವು. ಅರಿವಳಿಕೆಗೆ ನಾನೂ ಹೆದರಿದ್ದೆ. ಆದರೆ ಬರೀ ವಯಸ್ಸು ಅದಕ್ಕೆ ಅಡ್ಡಿಯಲ್ಲ, ಹೃದಯ, ಕಿಡ್ನಿ, ಲಿವರ್ ಹೇಗಿವೆ ಅನ್ನೋದು ಮುಖ್ಯ, ಅದನ್ನು ಮೊದಲೇ ಪರೀಕ್ಷೆ ಮಾಡಿ ನೋಡುತ್ತಾರೆ. ಎರಡು ವಾರ ಕಳೆದು ಅವನು ಬೊಕ್ಕಬಾಯಿಯಲ್ಲಿ ಕಾಲುಚೀಲ ಕಚ್ಚಿಕೊಂಡು ಮನೆಯೆಲ್ಲ ಓಡಿದ.

ಕಣ್ಣಿನ ನೀಲಿ ಮಬ್ಬೆಲ್ಲ ಪೊರೆಯಲ್ಲ. ವಯಸ್ಸಾದಂತೆ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ನಾಯಿಗೆ ಹೆಚ್ಚುಕಡಿಮೆ ಕಾಣುತ್ತಲೇ ಇರುತ್ತದೆ. ಚರ್ಮದ ಕೆಳಗಿನ ಗಡ್ಡೆಗಳಲ್ಲಿ ಎಷ್ಟೋ ಬರೀ ಕೊಬ್ಬು. ಆದರೆ ಕೈಯಲ್ಲಿ ಮುಟ್ಟಿ ಹೇಳಲಾಗದು, ಸೂಜಿಯಲ್ಲಿ ಒಂದಿಷ್ಟು ತೆಗೆದು ನೋಡಬೇಕು. ನಿದ್ದೆಯಲ್ಲಿ ಮೂತ್ರ ಸೋರಿ ಹಾಸಿಗೆ ಒದ್ದೆಯಾದರೆ ಅದು ಗಲೀಜು ಬುದ್ಧಿಯಲ್ಲ. ಸಂತಾನಹರಣ ಆದ ಹೆಣ್ಣುಗಳಲ್ಲಿ ಇದು ಸಾಮಾನ್ಯ, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಅಜ್ಜಿಯ ಸೋಫಾ ಪುರಾಣ ಮುಗಿದಿದ್ದು ಹಾಗೆ.

ಇದನ್ನಂತೂ ನೆನಪಿಡಿ. ಒಂದು ಬೆಳಿಗ್ಗೆ ಮುದಿ ನಾಯಿ ತಲೆ ಒಂದು ಕಡೆ ವಾಲಿಸಿ, ಕುಡಿದವರ ಹಾಗೆ ಬೀಳುತ್ತಾ, ಕಣ್ಣುಗುಡ್ಡೆ ಅತ್ತಿಂದಿತ್ತ ಅದುರುತ್ತಾ, ವಾಂತಿ ಮಾಡುತ್ತಾ ಸಿಗಬಹುದು. ನೋಡಿದವರೆಲ್ಲ ಲಕ್ವಾ ಹೊಡೆಯಿತು, ಇಂಜೆಕ್ಷನ್ ಕೊಡಿಸಿ ಕಳಿಸಿಕೊಟ್ಟುಬಿಡಿ (ಅಂದರೆ ದಯಾಮರಣ) ಅನ್ನುತ್ತಾರೆ. ಎಷ್ಟೋ ಸಲ ಅದು ಒಳಕಿವಿಯ ಸಮತೋಲನ ಕೆಟ್ಟಿದ್ದು ಅಷ್ಟೇ. ಎರಡು ಮೂರು ದಿನದಲ್ಲಿ ಚೇತರಿಕೆ ಶುರುವಾಗಿ, ಎರಡು ಮೂರು ವಾರಕ್ಕೆ ಬಹುಪಾಲು ಸರಿಹೋಗುತ್ತದೆ, ತಲೆ ಸ್ವಲ್ಪ ವಾಲಿದ್ದು ಹಾಗೇ ಉಳಿಯಬಹುದು. ಡಾಕ್ಟರ್‌ಗೆ ತೋರಿಸಲೇಬೇಕು, ಆದರೆ ಅದೇ ದಿನ ಕೊನೆಯ ನಿರ್ಧಾರಕ್ಕೆ ಹೋಗಬೇಡಿ.

ದಿನಾ ನಡೆಯಬೇಕಾದದ್ದು

ತೂಕ. ಪ್ರೀತಿ ಅಂತ ತಿನ್ನಿಸಿ ದಪ್ಪ ಮಾಡುವುದು ಮುದಿ ನಾಯಿಗೆ ನಾವು ಮಾಡುವ ದೊಡ್ಡ ಅನ್ಯಾಯ, ಆ ಭಾರವೆಲ್ಲ ಹಾಳಾದ ಕೀಲಿನ ಮೇಲೇ ಕೂರುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ನೋಡಿಕೊಂಡರು. ಒಡಹುಟ್ಟಿದವುಗಳಿಗಿಂತ ಕಾಲು ಭಾಗ ಕಮ್ಮಿ ತಿಂದವು ಸುಮಾರು 13 ವರ್ಷ ಬದುಕಿದವು, ಜಾಸ್ತಿ ತಿಂದವು 11.2. ಕೀಲುನೋವೂ ತೆಳ್ಳಗಿದ್ದವಕ್ಕೆ ತಡವಾಗಿ ಬಂತು. ಕೈ ಸವರಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಇನ್ನೊಂದು ಕಡೆ, ತಿನ್ನುತ್ತಿದ್ದೂ ತೂಕ ಇಳಿಯುತ್ತಿದ್ದರೆ ಡಾಕ್ಟರ್‌ಗೆ ಹೇಳಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಜೈಲಿಟಾಲ್ (ಸಕ್ಕರೆ ಬದಲು ಬಳಸುವ ಪದಾರ್ಥ) ಹಾಕಿದ ಸಿಹಿ, ಇವು ಬಾಯಿಗೆ ಸಿಗುವ ಹಾಗೆ ಇಡಬೇಡಿ.

ವಾಕಿಂಗ್ ಒಂದು ದೊಡ್ಡದರ ಬದಲು ಮೂರು ಚಿಕ್ಕದು. ಒಂದೇ ಕಂಬವನ್ನು ನಾಲ್ಕು ನಿಮಿಷ ಮೂಸಿದರೆ ಎಳೆಯಬೇಡಿ, ಅದಕ್ಕೆ ಅದೇ ಪೇಪರ್ ಓದಿದ ಹಾಗೆ. ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಹಿಂಗಾಲು ಸೋತರೆ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿಯಬಹುದು.

ಉಗುರು ಬೆಳೆದು ನೆಲಕ್ಕೆ ಟಕ್ ಟಕ್ ಅನ್ನುತ್ತಿದ್ದರೆ ಬೆರಳೇ ತಿರುಚಿ ನಡಿಗೆ ಕೆಡುತ್ತದೆ. ಬಿಟ್ಟ ಉಗುರಿನಲ್ಲಿ ರಕ್ತನಾಳವೂ ಉದ್ದ ಬೆಳೆದಿರುತ್ತದೆ, ಒಂದೇ ಸಲ ಕತ್ತರಿಸಿದರೆ ರಕ್ತ. ವಾರಕ್ಕೊಮ್ಮೆ ಕೂದಲೆಳೆಯಷ್ಟು ತೆಗೆಯುತ್ತಾ ಹೋದರೆ ನಾಳವೂ ಹಿಂದೆ ಸರಿಯುತ್ತದೆ.

ರಾತ್ರಿ ಸುಮ್ಮಸುಮ್ಮನೆ ಓಡಾಟ, ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲಿನ ತಪ್ಪು ಬದಿಗೆ ಹೋಗಿ ಕಾಯುವುದು, ಇವು ಮಿದುಳು ಸೋಲುತ್ತಿರುವ ಲಕ್ಷಣ ಇರಬಹುದು. ಮೊದಲು ನೋವಲ್ಲ ಅಂತ ಖಚಿತ ಮಾಡಿಕೊಳ್ಳಿ. ಎರಡೂ ರಾತ್ರಿ ಹೊತ್ತು ಒಂದೇ ಥರ ಕಾಣುತ್ತವೆ. ಊಟ, ವಾಕಿಂಗ್, ದೀಪ ಆರಿಸುವುದು ದಿನಾ ಒಂದೇ ಹೊತ್ತಿಗೆ ಆದರೆ ಇಂಥ ನಾಯಿಗೆ ತುಂಬಾ ಸಹಾಯ.

ಕಾಯದೆ ಓಡಬೇಕಾದ ಸಂದರ್ಭಗಳು: ಮಲಗಿ ನಿದ್ದೆ ಮಾಡುವಾಗ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೆ, ವಸಡು ಬಿಳುಚಿದರೆ, ಹೊಟ್ಟೆ ಉಬ್ಬಿ ಏನೂ ಬಾರದ ಓಕರಿಕೆ ಶುರುವಾದರೆ, ಮೂತ್ರಕ್ಕೆ ಮುಕ್ಕಿದರೂ ಬಾರದಿದ್ದರೆ, ಫಿಟ್ಸ್ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ.

ಕೊನೆಯ ಭಾಗ

ಇದರ ಬಗ್ಗೆ ನಾಯಿ ಚೆನ್ನಾಗಿರುವಾಗಲೇ ಮಾತಾಡಿ. ಕಳಿಸಿಕೊಡುವ ಪ್ರಸಂಗ ಬಂದರೆ ಮನೆಗೆ ಬರುತ್ತೀರಾ, ರಾತ್ರಿ ಯಾರಿಗೆ ಫೋನ್ ಮಾಡಲಿ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಯಾವಾಗ ಅನ್ನೋದಕ್ಕೆ ‘ಅದೇ ಹೇಳುತ್ತದೆ’ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಯಾವ ನಾಯಿಯೂ ಹೇಳಲಿಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಒಂದು ಅಳತೆ ನನ್ನ ಕೈ ಹಿಡಿಯಿತು. ನೋವು ಹಿಡಿತದಲ್ಲಿದೆಯಾ, ತಿನ್ನುತ್ತದಾ, ನೀರು ಸಾಕಷ್ಟಾಗುತ್ತಿದೆಯಾ, ಮೈ ಸ್ವಚ್ಛವಾಗಿದೆಯಾ, ಖುಷಿ ಕಾಣುತ್ತದಾ, ಓಡಾಡುತ್ತದಾ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ, ಈ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕು. ಒಟ್ಟು 35 ದಾಟಿದರೆ ಇನ್ನೂ ನಡೆಸಬಹುದು. ಒಬ್ಬರೇ ಹಾಕಬೇಡಿ, ಮನೆಯ ಇಬ್ಬರು ಬೇರೆ ಬೇರೆ ಹಾಕಿ ಹೋಲಿಸಿ. ನಾನು ಯಾವಾಗಲೂ ಐದಾರು ಅಂಕ ಜಾಸ್ತಿ ಕೊಟ್ಟಿರುತ್ತಿದ್ದೆ. ಕ್ಯಾಲೆಂಡರ್‌ನಲ್ಲಿ ಒಳ್ಳೆ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತಾ ಬಂದರೆ ತಿಂಗಳ ಕೊನೆಗೆ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ.

ಆ ದಿನ ಏನಾಗುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಕಮ್ಮಿ. ಸಾಮಾನ್ಯವಾಗಿ ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಕೆಲವು ನಿಮಿಷಕ್ಕೆ ಗಾಢ ನಿದ್ದೆ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆಯ ದೊಡ್ಡ ಡೋಸ್. ಹೃದಯ ನಿಲ್ಲಲು ಒಂದೆರಡು ನಿಮಿಷ. ಕಣ್ಣು ತಾನಾಗಿ ಮುಚ್ಚುವುದಿಲ್ಲ. ಆಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು, ಮೂತ್ರ ಹೋಗಬಹುದು, ಅಡಿಗೆ ಟವೆಲ್ ಹಾಸಿರಿ. ಅದಕ್ಕೆ ಏನೂ ತಿಳಿಯುತ್ತಿರುವುದಿಲ್ಲ. ಹತ್ತಿರ ಕೂತುಕೊಳ್ಳಲು ಆದರೆ ಕೂತುಕೊಳ್ಳಿ, ಅಜ್ಜಿಯ ಮೂಗಿನ ಹತ್ತಿರ ನನ್ನ ಅಂಗೈ ಇತ್ತು. ಹೂಳುವುದಾದರೆ ಆಳವಾಗಿ ಹೂಳಿ. ಆ ಔಷಧಿ ದೇಹದಲ್ಲೇ ಉಳಿಯುತ್ತದೆ, ಬೇರೆ ಪ್ರಾಣಿ ಅಗೆದು ತಿಂದರೆ ಅದಕ್ಕೂ ವಿಷ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಒಮ್ಮೆ ಬಂದು ಮೂಸಲು ಬಿಡಿ.

ಉಳಿದ ಮಾತ್ರೆಗಳನ್ನು ಡಾಕ್ಟರ್‌ಗೆ ವಾಪಸ್ ಕೊಡಿ, ಬೇರೆ ನಾಯಿಗೆ ಆಗುತ್ತದೆ ಅಂತ ಎತ್ತಿಡಬೇಡಿ. ಶೆಲ್ಟರ್‌ನವರು ಮತ್ತೊಂದು ಮುದಿ ನಾಯಿ ಇದೆ ಅಂತ ಬೇಗನೇ ಫೋನ್ ಮಾಡುತ್ತಾರೆ, ಬೇಡ ಅನ್ನಿಸಿದರೆ ಬೇಡ ಅನ್ನಿ. ಮ್ಯಾಟ್‌ಗಳನ್ನು ಸೋಪು ನೀರಲ್ಲಿ ಉಜ್ಜಿ ಬಿಸಿಲಿಗೆ ಹಾಕಿ ಸುತ್ತಿಡಿ. ನಮ್ಮವು ಎರಡು ತಿಂಗಳು ಮಂಚದ ಕೆಳಗಿದ್ದವು.